ಬಸ್ಸು ಹತ್ತದ ಮುದುಕಿಯನ್ನು ಬರೆದವರು

ಟೆಕ್ಸಸ್‌ನಲ್ಲಿ, ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಅವರ ಮನೆಯಲ್ಲಿ ಹದಿಮೂರನೆಯ ದಿನದ ಊಟ. ನನ್ನ ಪಕ್ಕ ತಟ್ಟೆ ಹಿಡಿದು ಕೂತಿದ್ದ ಹಿರಿಯ ಡಾಕ್ಟರೊಬ್ಬರು, ಹೋದವರ ಬಗ್ಗೆ ಏನಾದರೂ ಒಳ್ಳೆಯದು ಹೇಳಬೇಕಲ್ಲ ಎಂಬಂತೆ, ಪಾಪ ಒಳ್ಳೇ ಹೆಂಗಸು, ಆಸ್ಟಿನ್‌ನಲ್ಲಿ ಮಕ್ಕಳಿಗೆ ವಿಡಿಯೋ ಗೇಮ್ ಮಾಡುತ್ತಿದ್ದರಂತೆ ಎಂದರು. ಸಾರಿನ ಪಾತ್ರೆ ಹಿಡಿದು ಬಡಿಸುತ್ತಾ ಬಂದ ಆಕೆಯ ಯಜಮಾನರಿಗೆ ಅದು ಕೇಳಿಸಿತು. "ಮಕ್ಕಳಿಗಲ್ರಿ" ಎಂದರು. ನನ್ನ ಕಡೆ ಒಮ್ಮೆ ನೋಡಿದರು. ಅನ್ನ ಕಲಸುತ್ತಾ ಕೂತವರಿಗೆ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಅವರು ಮುಂದಿನವರಿಗೆ ಬಡಿಸಲು ಹೋದರು.

ಅವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಮನೆಯವರಿಗೆ ಅದು ಇಷ್ಟವಿಲ್ಲ.

ನಾನು ಅವರ ಜೊತೆ ಕೆಲಸ ಮಾಡಿದವನು. ಆಸ್ಟಿನ್‌ನಲ್ಲಿ, ದ ಡೊಮೇನ್‌ನ ಅಂಗಡಿಸಾಲುಗಳ ಹಿಂದೆ ಒಂದು ಕಟ್ಟಡದಲ್ಲಿ ನಮ್ಮ ಸ್ಟುಡಿಯೋ ಇತ್ತು. ಆಟದೊಳಗಿನ ಪಾತ್ರಗಳು ಆಡುವ ಮಾತನ್ನೆಲ್ಲ ಬರೆಯುವುದು ಅವರ ಕೆಲಸ. ಆಡುವವನು ಒಂದು ಉತ್ತರ ಆರಿಸಿಕೊಂಡರೆ ಮುಂದೆ ಯಾವ ಮಾತು ಬರಬೇಕು, ಇನ್ನೊಂದು ಆರಿಸಿಕೊಂಡರೆ ಯಾವುದು ಎಂದು ಕಂಪ್ಯೂಟರಿಗೆ ತಿಳಿಸುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಹಾಗಾಗಿ ಅವರು ಬರೆದ ಪ್ರತಿ ವಾಕ್ಯವೂ ನನ್ನ ಕೈಹಾದು ಹೋಗುತ್ತಿತ್ತು.

ಸೇರಿದ ಹೊಸತರಲ್ಲಿ ಅವರನ್ನು ಆಫೀಸಿನ ಅಡುಗೆಕೋಣೆಯಲ್ಲಿ ನೋಡಿದೆ. ನರೆಗೂದಲಿನ ಗಿಡ್ಡ ಜಡೆ, ಹತ್ತಿಯ ಕುರ್ತಾ, ಕಾಲಿಗೆ ಓಟಗಾರರ ಶೂ. ಫೋನಿನಲ್ಲಿ ಯಾರೊಂದಿಗೋ ಧಾರವಾಡದ ಕನ್ನಡ ಮಾತಾಡುತ್ತಿದ್ದರು. ಮೈಸೂರಿನ ನನಗೆ ಆ ಊರಿನಲ್ಲಿ ಕನ್ನಡ ಕೇಳಿದ್ದೇ ಖುಷಿಯಾಗಿ, ಕನ್ನಡ ಕೂಟದಲ್ಲಿ ಎಲ್ಲರನ್ನೂ ಕರೆಯುವಂತೆ ಆಂಟಿ ಎಂದು ಕರೆದೆ. ಅವರು ಫೋನ್ ಇಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಂಬಳ ತಗೊಳ್ಳೋ ಜಾಗದಾಗ ಆಂಟಿ ಬ್ಯಾಡ್ರಿ. ಅಕ್ಕ ಅನ್ರಿ, ನಡೀತದ" ಎಂದರು. ಅಂದಿನಿಂದ ಅವರು ಅಕ್ಕ. ವಾರ ಕಳೆಯುವಷ್ಟರಲ್ಲಿ ನನಗೆ 'ರಿ' ಹೋಗಿ 'ತಮ್ಮಾ, ನೀ' ಆಯಿತು.

ಮನೆ ಶುಗರ್ ಲ್ಯಾಂಡಿನಲ್ಲಿ. ಯಜಮಾನರು ಹುಬ್ಬಳ್ಳಿಯವರು, ಎಣ್ಣೆ ಕಂಪನಿಯಲ್ಲಿ ಎಂಜಿನಿಯರ್. ಅಕ್ಕ ವಾರವಿಡೀ ಆಸ್ಟಿನ್‌ನಲ್ಲಿ ಪುಟ್ಟ ಅಪಾರ್ಟ್‌ಮೆಂಟ್ ಹಿಡಿದು ಇರುತ್ತಿದ್ದರು, ಶುಕ್ರವಾರ ಮಧ್ಯಾಹ್ನ ಡ್ರೈವ್ ಮಾಡಿಕೊಂಡು ಮನೆಗೆ ಹೋಗುತ್ತಿದ್ದರು. ಸೋಮವಾರ ಬರುವಾಗ ಮನೆ ಹತ್ತಿರದ ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು, ಶೇಂಗಾ, ಬದನೆಕಾಯಿ. ಮಧ್ಯಾಹ್ನದ ಊಟಕ್ಕೆ ಅವರೇ ಮಾಡಿದ ಕಟಕ ರೊಟ್ಟಿ. ಅದನ್ನು ಮುರಿಯುವ ಸದ್ದು ಅಷ್ಟು ದೂರ ಕೂತ ನಮಗೂ ಕೇಳುತ್ತಿತ್ತು. ಶಬ್ದ ವಿಭಾಗದ ಹುಡುಗ ಒಮ್ಮೆ ಮೈಕ್ ಹಿಡಿದು ಬಂದು ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಹೋದ. ನಮ್ಮ ಆಟದಲ್ಲಿ ಪ್ರವಾಹದ ನೀರಿನ ಒತ್ತಡಕ್ಕೆ ಮನೆಯ ಹಲಗೆ ಬಿರುಕು ಬಿಡುವಾಗ ಕೇಳುವುದು ಅಕ್ಕನ ರೊಟ್ಟಿ. ಇದನ್ನು ಅವರು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಅವರು ಹೆಮ್ಮೆಪಟ್ಟು ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ.

ಬರೆದದ್ದನ್ನು ಗಟ್ಟಿಯಾಗಿ ಓದದೆ ಅವರು ಯಾರಿಗೂ ಕೊಡುತ್ತಿರಲಿಲ್ಲ. ಆಫೀಸಿನೊಳಗೆ ಓದಿದರೆ ಉಳಿದವರಿಗೆ ತೊಂದರೆ. ಅದಕ್ಕೇ ಬಿಸಿಲಿನಲ್ಲಿ ಕೊಡೆ ಹಿಡಿದುಕೊಂಡು ಪಾರ್ಕಿಂಗ್ ಜಾಗದಲ್ಲಿ ಓಡಾಡುತ್ತಾ, ಒಂದು ಸಲ ಮುದುಕನ ದನಿಯಲ್ಲಿ, ಒಂದು ಸಲ ಪೋಲೀಸನ ದನಿಯಲ್ಲಿ ಇಂಗ್ಲಿಷ್ ಮಾತಾಡಿಕೊಳ್ಳುತ್ತಿದ್ದರು. ಟೆಕ್ಸಸ್‌ನ ಬೇಸಗೆಯಲ್ಲಿ ನಡೆಯುವವರನ್ನು ಕಂಡರೇ ಜನಕ್ಕೆ ಗಾಬರಿ. ಕಾರು ನಿಲ್ಲಿಸಿ, ಅಮ್ಮಾ ಎಲ್ಲಿಗಾದರೂ ಬಿಡಬೇಕೇ ಎಂದು ಕೇಳಿದವರಿದ್ದಾರೆ.

ಆಟ ಆಡಲು ಅವರಿಗೆ ಬರುತ್ತಿರಲಿಲ್ಲ. ಕಂಟ್ರೋಲರ್ ಕೈಗೆ ಕೊಟ್ಟರೆ ಹೆಬ್ಬೆರಳುಗಳು ಒಂದಕ್ಕೊಂದು ಸಿಕ್ಕಿಕೊಂಡು ಆಟದೊಳಗಿನ ಬಸ್ಸು ಗೋಡೆಗೆ ಗುದ್ದುತ್ತಿತ್ತು. ತಾವೇ ಬರೆದ ಆಟವನ್ನು ಅವರು ಕೊನೆಯವರೆಗೆ ಆಡಿದ್ದೇ ಇಲ್ಲ. ಹೊರಗಿನವರನ್ನು ಕರೆಸಿ ಆಡಿಸಿ ನೋಡುವ ದಿನ ನಾವೆಲ್ಲ ಪರದೆಯ ಕಡೆ ಮುಖ ಮಾಡಿ ಕೂತರೆ, ಅವರು ಪರದೆಗೆ ಬೆನ್ನು ಹಾಕಿ ಆಡುವವರ ಎದುರು ಕೂರುತ್ತಿದ್ದರು. ನನಗೂ ಅದನ್ನೇ ಹೇಳಿಕೊಟ್ಟರು. "ಪರದೇದಾಗ ಏನದ, ನಾವ ಹಾಕಿದ್ದು. ಮಾರಿ ನೋಡು."

ಈ ಅಭ್ಯಾಸ ಅವರಿಗೆ ಆಸ್ಪತ್ರೆಯಿಂದ ಬಂದದ್ದು. ಆಟಗಳ ಲೋಕಕ್ಕೆ ಬರುವ ಮೊದಲು ಬಹಳ ವರ್ಷ ಅವರು ಹ್ಯೂಸ್ಟನ್‌ನ ಆಸ್ಪತ್ರೆಗಳಲ್ಲಿ ದುಭಾಷಿಯಾಗಿದ್ದರು. ಇಂಗ್ಲಿಷ್ ಬಾರದ ಹಿಂದಿ, ಮರಾಠಿ, ಕನ್ನಡದ ರೋಗಿಗಳಿಗೂ ಡಾಕ್ಟರಿಗೂ ನಡುವೆ ನಿಂತು ಮಾತು ದಾಟಿಸುವ ಕೆಲಸ. ಆ ಕೆಲಸಕ್ಕೆ ಒಂದು ನಿಯಮವಿದೆಯಂತೆ. ಡಾಕ್ಟರು ಹೀಗೆ ಹೇಳುತ್ತಿದ್ದಾರೆ ಎನ್ನುವಂತಿಲ್ಲ. ಡಾಕ್ಟರು 'ನಾನು' ಎಂದರೆ ದುಭಾಷಿಯೂ 'ನಾನು' ಎನ್ನಬೇಕು. ನನ್ನ ಹತ್ತಿರ ಇನ್ನು ಔಷಧಿಯಿಲ್ಲ ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದಾಗ ರೋಗಿಗೆ ಅರ್ಥವಾಗುವುದಿಲ್ಲ. ಅದೇ ಮಾತನ್ನು ಅಕ್ಕ ಅವರ ಭಾಷೆಯಲ್ಲಿ ಹೇಳಿದಾಗ ಆಗುತ್ತದೆ. "ಅಷ್ಟೂ ಮಂದಿ ಅದನ್ನ ನನ್ನ ಬಾಯಿಂದನ ಕೇಳ್ಯಾರ" ಎಂದು ಒಮ್ಮೆ ಹೇಳಿದ್ದರು. "ಕೇಳಿದ ಮ್ಯಾಲೆ ಡಾಕ್ಟರ್ ಮಾರಿ ನೋಡಂಗಿಲ್ಲ ಯಾರೂ. ನನ್ನ ನೋಡ್ತಾರ."

ನಮ್ಮ ಸ್ಟುಡಿಯೋದವರು ಹಿಂದೊಮ್ಮೆ ಆಸ್ಪತ್ರೆಯ ಕಥೆಯಿರುವ ಆಟ ಮಾಡುವಾಗ, ಅಲ್ಲಿ ಜನ ನಿಜವಾಗಿ ಹೇಗೆ ಮಾತಾಡುತ್ತಾರೆಂದು ತಿಳಿಯಲು ಅವರನ್ನು ಕರೆಸಿದ್ದರು. ಬರೆದಿಟ್ಟ ಸಂಭಾಷಣೆ ಓದಿಸಿದರಂತೆ. ಸಾಯುವವರು ಇಷ್ಟು ಚೆನ್ನಾಗಿ ಮಾತಾಡುವುದಿಲ್ಲ, ನೀವು ಊಟ ಮಾಡಿದಿರಾ, ಕಾರು ಎಲ್ಲಿ ನಿಲ್ಲಿಸಿದ್ದೀರಿ ಎಂದು ಕೇಳುತ್ತಾರೆ ಎಂದು ಅಕ್ಕ ಹೇಳಿದರು. ಹಾಗಾದರೆ ನೀವೇ ತಿದ್ದಿಕೊಡಿ ಎಂದರು ಸ್ಟುಡಿಯೋದವರು. ತಿದ್ದಲು ಕೂತ ಅಕ್ಕ ಅಲ್ಲೇ ಉಳಿದರು.

ಇನ್ನು ನಮ್ಮ ಆಟದ ವಿಷಯ. ಸಮುದ್ರದಂಚಿನ ಒಂದು ಸಣ್ಣ ಊರು, ಪ್ರವಾಹ ಬರುತ್ತಿದೆ. ಆಡುವವನು ಶಾಲೆಯ ಬಸ್ಸಿನ ಡ್ರೈವರ್. ಮನೆಮನೆಗೆ ಹೋಗಿ, ಹೊರಡಲು ಮನಸ್ಸಿಲ್ಲದವರನ್ನು ಮಾತಿನಿಂದ ಒಪ್ಪಿಸಿ, ದಿನ್ನೆಯ ಮೇಲಿನ ಶಾಲೆಗೆ ತಲುಪಿಸಬೇಕು. ಯಾರನ್ನು ಹೇಗೆ ಒಪ್ಪಿಸುವುದು ಎನ್ನುವುದೇ ಆಟ. ಒಬ್ಬನಿಗೆ ಗದರಬೇಕು, ಒಬ್ಬಳ ಕೋಳಿಯನ್ನೂ ಹತ್ತಿಸಿಕೊಳ್ಳಬೇಕು. ದಾರಿಯ ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಜಗಲಿಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿರುತ್ತಾಳೆ. ಅವಳು ಬರುವುದಿಲ್ಲ. ಗದರಿದರೂ ಬರುವುದಿಲ್ಲ, ಅತ್ತರೂ ಬರುವುದಿಲ್ಲ. ಬಸ್ಸಿನಲ್ಲಿರುವ ಮಕ್ಕಳಿಗೆ ಚಳಿಯಾಗುತ್ತಿದೆ, ಹೊರಡು ಎನ್ನುತ್ತಾಳೆ. ಹೆಚ್ಚು ಹೊತ್ತು ನಿಂತರೆ ನೀರು ಚಕ್ರದವರೆಗೆ ಬರುತ್ತದೆ. ಹೊರಡಲೇಬೇಕು. ಬಸ್ಸಿನ ಕನ್ನಡಿಯಲ್ಲಿ ಅವಳು ಸ್ವಲ್ಪ ಹೊತ್ತು ಕಾಣುತ್ತಾಳೆ.

ಆ ಕನ್ನಡಿಯ ದೃಶ್ಯಕ್ಕೆ ನಮ್ಮಲ್ಲಿ ದೊಡ್ಡ ಜಗಳವಾಯಿತು. ಚಿತ್ರ ಮಾಡುವವರು ಮುದುಕಿ ಕೈ ಬೀಸಲಿ ಎಂದರು. ಅಕ್ಕ ಒಪ್ಪಲಿಲ್ಲ. ತಲೆಯಾದರೂ ಎತ್ತಲಿ ಎಂದರು. ಅದಕ್ಕೂ ಒಪ್ಪಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, "ಕೈ ಬೀಸಿದ್ರ ಆಕಿ ನಮ್ಮ ಸಲುವಾಗಿ ಕುಂತಂಗ ಆಗ್ತದ. ಆಕೀಗೆ ಆಕೀ ಕೆಲಸ ಅದ. ಬಿಡಸ್ಲಿ" ಎಂದರು. ಕನ್ನಡಿಯಲ್ಲಿ ಮುದುಕಿ ಹುರುಳಿಕಾಯಿ ಬಿಡಿಸುತ್ತಲೇ ಚಿಕ್ಕವಳಾದಳು.

ಆಟ ಬಿಡುಗಡೆಯಾದ ಮೇಲೆ ಆ ಮುದುಕಿ ನಮ್ಮನ್ನೆಲ್ಲ ಮೀರಿಸಿ ಬೆಳೆದಳು. ಅವಳನ್ನು ಉಳಿಸುವ ಗುಟ್ಟು ಎಲ್ಲೋ ಇದ್ದೇ ಇರಬೇಕೆಂದು ಆಡುವವರು ನಂಬಿದರು. ಆಟವೆಂದರೆ ಹಾಗೆಯೇ ಅಲ್ಲವೇ, ಸೋತರೆ ಇನ್ನೊಮ್ಮೆ ಆಡಬಹುದು, ಸರಿಯಾದ ಬಾಗಿಲು ಎಲ್ಲೋ ಇರುತ್ತದೆ. ಕೋಳಿಯನ್ನು ಬಿಟ್ಟು ಬಂದರೆ ಆಗುತ್ತದಂತೆ, ದೀಪ ಆರಿಸಿಕೊಂಡು ಹೋದರೆ ಆಗುತ್ತದಂತೆ ಎಂದು ಅಂತರ್ಜಾಲದಲ್ಲಿ ಚರ್ಚೆ. ಅಕ್ಕ ಯಾವುದಕ್ಕೂ ಉತ್ತರ ಕೊಡುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಒಬ್ಬ ಮನುಷ್ಯ ನೇರವಾಗಿ ಆಫೀಸಿಗೇ ಬಂದರು. ನಡುವಯಸ್ಸು, ದಪ್ಪ ಕೈಗಳು, ಏಸಿ ರಿಪೇರಿ ಮಾಡುವವರ ನೀಲಿ ಅಂಗಿ. ಡಾಲಸ್‌ನಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು. ಆ ಮುದುಕಿಯನ್ನು ಬರೆದವರನ್ನು ನೋಡಬೇಕು ಎಂದರು. ರಿಸೆಪ್ಷನ್‌ನವರು ಹೆದರಿ ನಮ್ಮಿಬ್ಬರನ್ನೂ ಕರೆದರು. ಅಕ್ಕ ಅವರನ್ನು ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಎದುರು ಕೂತರು.

ಅವರು ಮೊದಲು ಹ್ಯೂಸ್ಟನ್‌ನವರಂತೆ. ದೊಡ್ಡ ಪ್ರವಾಹದ ವರ್ಷ, ಕಾಲುವೆಯ ಪಕ್ಕದ ತಗ್ಗಿನಲ್ಲಿ ಅವರ ತಾಯಿಯ ಮನೆ. ಗೆಳೆಯನ ಮೀನು ಹಿಡಿಯುವ ದೋಣಿ ತೆಗೆದುಕೊಂಡು ಹೋದರು. ಮೊದಲು ಬೀದಿಯ ಮೊದಲ ಮನೆಯ ಮಕ್ಕಳನ್ನು ಹತ್ತಿಸಿಕೊಂಡರು, ಅವು ಕಿಟಕಿಯಲ್ಲಿ ನಿಂತು ಕಿರುಚುತ್ತಿದ್ದವು. ಆಮೇಲೆ ತಾಯಿಯ ಮನೆ. ತಾಯಿ ಬಾಗಿಲಲ್ಲಿ ನಿಂತು, ಮೊದಲು ಮಕ್ಕಳನ್ನು ದಡಕ್ಕೆ ಬಿಟ್ಟು ಬಾ, ನಾನು ಈಗ ಬರುವುದಿಲ್ಲ ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಮಕ್ಕಳನ್ನು ಬಿಟ್ಟು ತಿರುಗಿ ಹೋಗುವಷ್ಟರಲ್ಲಿ ಆ ಬೀದಿಗೆ ದೋಣಿ ಹೋಗುವಂತಿರಲಿಲ್ಲ. ತಾಯಿ ಉಳಿಯಲಿಲ್ಲ. ಇದನ್ನೆಲ್ಲ ಅವರು ದನಿ ಏರಿಸದೆ, ರಿಪೇರಿಗೆ ಬಂದ ಯಂತ್ರದ ದೋಷ ಹೇಳುವ ಹಾಗೆ ಹೇಳಿದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: ಏನು ಹೇಳಿದರೆ ಆ ಮುದುಕಿ ಬರುತ್ತಾಳೆ?

ಅಂಥ ಮಾತು ಯಾವುದೂ ಇಲ್ಲ ಎಂದರು ಅಕ್ಕ. ಅವರು ನಂಬಲಿಲ್ಲ. ಆಗ ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಎಲ್ಲಾ ತಗದು ತೋರಸ್ಪಾ ಇವರಿಗೆ. ಒಂದೂ ಬಿಡಬ್ಯಾಡ" ಎಂದರು.

ಮುದುಕಿಯ ಮಾತುಗಳೆಲ್ಲ ಕವಲೊಡೆದು ಹರಡಿರುವ ನಕ್ಷೆಯನ್ನು ನಾನು ಗೋಡೆಯ ದೊಡ್ಡ ಪರದೆಯ ಮೇಲೆ ಹಾಕಿದೆ. ಒಂದೊಂದೇ ಕವಲನ್ನು ಹಿಡಿದು ಕೊನೆಯವರೆಗೆ ಹೋದೆವು. ಇದನ್ನು ಹೇಳಿದರೆ ಇಲ್ಲಿಗೆ ಬರುತ್ತದೆ, ಇಲ್ಲಿಂದ ಹೀಗೆ, ಕೊನೆಗೆ ಜಗಲಿ. ಇನ್ನೊಂದು, ಕೊನೆಗೆ ಜಗಲಿ. ಅವರು ಎದ್ದು ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತಾವೇ ನೋಡಿದರು. ಯಾವ ಗೆರೆಯೂ ಬಸ್ಸಿನವರೆಗೆ ಹೋಗಿರಲಿಲ್ಲ. ಅಕ್ಕ ಆಗಲೂ ಪರದೆಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ನಿಂತು ಅವರ ಮುಖವನ್ನೇ ನೋಡುತ್ತಿದ್ದರು.

ಬಹಳ ಹೊತ್ತಿನ ಮೇಲೆ ಅವರು ಕುರ್ಚಿಗೆ ಬಂದು ಕೂತರು. ಹಾಗಾದರೆ ನಾನು ಹೇಳದೆ ಬಿಟ್ಟ ಮಾತು ಯಾವುದೂ ಇಲ್ಲ ಎಂದರು. ಇಲ್ಲ, ನೀವು ಏನು ಹೇಳಿದ್ದರೂ ಆಕೆ ಬರುತ್ತಿರಲಿಲ್ಲ ಎಂದು ಅಕ್ಕ ಹೇಳಿದರು. ಅವರಿಬ್ಬರೂ ಯಾವ ಮುದುಕಿಯ ಬಗ್ಗೆ ಮಾತಾಡುತ್ತಿದ್ದರು ಎಂದು ನನಗೆ ಆಗ ಗೊತ್ತಾಗಲಿಲ್ಲ, ಅವರಿಬ್ಬರಿಗೆ ಗೊತ್ತಿತ್ತು. ಆ ಮನುಷ್ಯ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಹೋಗುವಾಗ ಅಕ್ಕನ ಕೈ ಹಿಡಿದು, ಇದನ್ನು ಇದುವರೆಗೆ ಯಾರೂ ನನಗೆ ತೋರಿಸಿರಲಿಲ್ಲ ಎಂದರು.

ಅಕ್ಕ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಆದರೆ ಅವರ ಮುಖದಲ್ಲಿ ಒಂದು ಬೆಳಕಿತ್ತು. ಆಸ್ಪತ್ರೆಯಲ್ಲಿ ಅಷ್ಟು ವರ್ಷ 'ಇಲ್ಲ' ಎಂದು ಹೇಳಿದ್ದೇನೆ, 'ಇಲ್ಲ' ಎಂದದ್ದಕ್ಕೆ ಒಬ್ಬರು ಹಗುರಾಗಿ ಎದ್ದು ಹೋದದ್ದು ಇದೇ ಮೊದಲು ಎಂದರು. ಅವರನ್ನು ಅಷ್ಟು ಸಂತೋಷವಾಗಿ ನಾನು ಆಮೇಲೆ ಕಾಣಲಿಲ್ಲ.

ಮುಂದಿನ ವರ್ಷ ನಮ್ಮ ಸ್ಟುಡಿಯೋವನ್ನು ದೊಡ್ಡ ಕಂಪನಿಯೊಂದು ಕೊಂಡಿತು. ಹೊಸದಾಗಿ ಬಂದ ಮೇಲಧಿಕಾರಿ ಕೆಟ್ಟವನೇನಲ್ಲ. ಮೆತ್ತಗೆ ಮಾತಾಡುವ, ಎಲ್ಲರ ಮಕ್ಕಳ ಹೆಸರನ್ನೂ ನೆನಪಿಟ್ಟುಕೊಳ್ಳುವ ಮನುಷ್ಯ. ಅವನು ಸಭೆ ಕರೆದು, ಆಟದ ಬಗ್ಗೆ ಜನ ಅತಿ ಹೆಚ್ಚು ಕೇಳುವುದು ಒಂದೇ, ಮುದುಕಿಯನ್ನು ಉಳಿಸುವುದು ಹೇಗೆ ಎಂದು, ಅದನ್ನು ಅವರಿಗೆ ಕೊಡೋಣ ಎಂದ. ಹೊಸ ಅಧ್ಯಾಯವೊಂದನ್ನು ಬೇರೆಯಾಗಿ ಮಾರುವ ಯೋಜನೆ. ಅದರಲ್ಲಿ ಅವಳು ಬಸ್ಸು ಹತ್ತಬಹುದು.

ಅಕ್ಕ ಆ ಸಭೆಯಲ್ಲಿ ಮೊದಲು ಸಮಾಧಾನವಾಗಿಯೇ ಮಾತಾಡಿದರು. ಸಮಾಧಾನ ಹೇಳುವುದು ಬೇರೆ, ಆಗಿದ್ದನ್ನು ಆಗಿಲ್ಲ ಎನ್ನುವುದು ಬೇರೆ ಎಂದರು. ಕೊನೆಗೆ ಬೇರೆ ದಾರಿ ಕಾಣದೆ, ಹೆಸರು ಹೇಳದೆ, ಡಾಲಸ್‌ನಿಂದ ಬಂದವರ ಕಥೆಯನ್ನೂ ಹೇಳಿದರು. ಮೇಲಧಿಕಾರಿಯ ಕಣ್ಣುಗಳು ಒದ್ದೆಯಾದವು. ನೋಡಿ, ಇಂಥವರಿಗಾಗಿಯೇ ನಾವು ಇದನ್ನು ಮಾಡಬೇಕು ಎಂದ ಅವನು. ಅವನು ಅದನ್ನು ಮನಸಾರೆ ಹೇಳಿದ.

ಅದನ್ನು ತಾವು ಬರೆಯುವುದಿಲ್ಲ ಎಂದರು ಅಕ್ಕ. ಬೇರೆ ಊರಿನ ಬೇರೆ ತಂಡಕ್ಕೆ ಆ ಕೆಲಸ ಹೋಯಿತು. ಕೆಲವು ತಿಂಗಳಲ್ಲಿ ಹೊಸ ಅಧ್ಯಾಯ ಬಂತು. ನಾನು ಆಡುತ್ತಾ ಹೋದೆ, ಅಕ್ಕ ಈ ಸಲ ನನ್ನ ಪಕ್ಕ ಕೂತು ಪರದೆಯನ್ನೇ ನೋಡಿದರು. ಅದರಲ್ಲಿ ಉಪಾಯ ಸರಳವಾಗಿತ್ತು. ಕೊನೆಯ ಮನೆಗೆ ಕೊನೆಯಲ್ಲಿ ಹೋಗಬಾರದು, ಮೊದಲು ಹೋಗಬೇಕು. ಹೋಗಿ, ಬಾ ಎಂದು ಕರೆಯದೆ, ಮೆಟ್ಟಿಲ ಮೇಲೆ ಕೂತು ಅವಳ ಜೊತೆ ಹುರುಳಿಕಾಯಿ ಬಿಡಿಸಬೇಕು. ಬುಟ್ಟಿ ಖಾಲಿಯಾದಾಗ ಅವಳು ತಾನೇ ಎದ್ದು ಸೆರಗಿನಂತೆ ಶಾಲು ಹೊದ್ದು ಬಸ್ಸು ಹತ್ತುತ್ತಾಳೆ. ಊರಿನ ಉಳಿದವರೆಲ್ಲರಿಗೂ ಆಮೇಲೆ ಸಮಯವಿರುತ್ತದೆ.

"ಛಲೋ ಬರದಾರ" ಎಂದರು ಅಕ್ಕ. "ಕೆಟ್ಟದಾಗಿ ಬರದಿದ್ರ ಯಾರೂ ನಂಬತಿರಲಿಲ್ಲ" ಎಂದರು.

ಮೊದಲು ಹೋಗಬೇಕಿತ್ತು ಎನ್ನುವುದನ್ನು ನೋಡಿ ಯಾರಿಗೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆಟದಲ್ಲಿ ಇಂಥ ಹೊಸ ಅಧ್ಯಾಯ ಬರುತ್ತಿದೆ, ದಯವಿಟ್ಟು ಆಡಬೇಡಿ ಎಂದು ಅಕ್ಕ ಡಾಲಸ್‌ನ ಆ ಮನುಷ್ಯನಿಗೆ ಮುಂಚೆಯೇ ಫೋನ್ ಮಾಡಿ ಹೇಳಿದ್ದರು. ಆಡುವುದಿಲ್ಲ ಎಂದಿದ್ದರಂತೆ. ಬಿಡುಗಡೆಯಾಗಿ ಕೆಲವು ದಿನಕ್ಕೆ ಅವರಿಂದ ಒಂದು ಸಾಲಿನ ಮೆಸೇಜ್ ಬಂತು. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟರು. ಹಾಗಾದರೆ ದಾರಿ ಇತ್ತು ಎಂದಿತ್ತು.

ಮಾರನೆಯ ದಿನವೇ ಅಕ್ಕ ರಜೆ ಹಾಕಿ ಡಾಲಸ್‌ಗೆ ಡ್ರೈವ್ ಮಾಡಿದರು. ರಸ್ತೆಬದಿಯ ಹೋಟೆಲಿನಲ್ಲಿ ಇಬ್ಬರೂ ಕಾಫಿ ಕುಡಿದರಂತೆ. ಆ ಗೆರೆಯನ್ನು ಆಮೇಲೆ ಬೇರೆ ಯಾರೋ ಎಳೆದದ್ದು, ನೀವು ನೋಡಿದಾಗ ಅದು ಇರಲಿಲ್ಲ, ನೀವೇ ಬೆರಳಿಟ್ಟು ನೋಡಿದ್ದೀರಿ ಎಂದು ಅಕ್ಕ ಹೇಳಿದರು. ಅವರು ಎಲ್ಲದಕ್ಕೂ ಹೌದು ಹೌದು ಎಂದರು. ಅದು ಬರೀ ಆಟ, ನೀವು ಇಷ್ಟು ದೂರ ಬರಬಾರದಿತ್ತು, ಹುಷಾರಾಗಿ ಹೋಗಿ ಎಂದರು. ಅಕ್ಕ ತಿರುಗಿ ಬಂದು ತಮ್ಮ ಜಾಗದಲ್ಲಿ ಕೂತು ಬಹಳ ಹೊತ್ತು ಕಂಪ್ಯೂಟರ್ ಆನ್ ಮಾಡಲಿಲ್ಲ. "ನನ್ನ ಸಮಾಧಾನ ಮಾಡಿ ಕಳಿಸಿದ್ರು, ತಮ್ಮಾ" ಎಂದರು. "ನಾ ಡಾಕ್ಟರ್ ಮುಂದ ರೋಗಿ ಕುಂತಂಗ ಕುಂತಿದ್ದೆ."

ಅದಾದ ಮೇಲೆ ಅವರು ಬರೆದದ್ದರಲ್ಲಿ ಜೀವವಿರಲಿಲ್ಲ. ಅವರಿಗೇ ಗೊತ್ತಿತ್ತು. ಬರೆಯುವುದು, ಅಳಿಸುವುದು. ಕೊಡೆ ಕುರ್ಚಿಯ ಹಿಂದೆ ತೂಗುಬಿದ್ದಿರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಪಾತ್ರಗಳು ಏನು ಹೇಳಬೇಕೆಂದು ಕೇಳಿದರೆ, ಯಾರು ಏನು ಹೇಳಿದರೆ ಏನು, ಆಮೇಲೆ ಬದಲಾಯಿಸುತ್ತಾರೆ ಎನ್ನುತ್ತಿದ್ದರು. ಹೊಸ ಅಧ್ಯಾಯ ಚೆನ್ನಾಗಿ ಮಾರಿದರೂ ಆಸ್ಟಿನ್‌ನ ಸ್ಟುಡಿಯೋವನ್ನು ಕಂಪನಿ ಮುಚ್ಚಿತು. ಒಂದು ಬೆಳಿಗ್ಗೆ ಎಲ್ಲರನ್ನೂ ಒಂದೇ ವಿಡಿಯೋ ಕರೆಗೆ ಕರೆದು ಹೇಳಿದರು. ಅಕ್ಕ ಶುಗರ್ ಲ್ಯಾಂಡಿಗೆ ಹೋದರು. ನನಗೆ ಡಾಲಸ್‌ನಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಅಲ್ಲಿಗೆ ಶಿಫ್ಟ್ ಆದೆ. ಹಳೆಯ ಆಸ್ಪತ್ರೆಯ ಕೆಲಸ ಮತ್ತೆ ಸಿಗುತ್ತದೇನೋ ಎಂದು ಅವರು ವಿಚಾರಿಸಿದರಂತೆ. ಅಲ್ಲಿ ಈಗ ಎದುರು ನಿಲ್ಲುವ ದುಭಾಷಿಗಳ ಬದಲು, ದೂರದಲ್ಲೆಲ್ಲೋ ಕೂತವರು ಮಾತು ದಾಟಿಸುವ, ಚಕ್ರದ ಕಂಬಕ್ಕೆ ಕಟ್ಟಿದ ಪರದೆಯೊಂದನ್ನು ರೋಗಿಯ ಮಂಚದ ಬಳಿ ತಳ್ಳಿಕೊಂಡು ಬರುತ್ತಾರೆ.

ಕಾಯಿಲೆ ಗೊತ್ತಾದಾಗ ತಡವಾಗಿತ್ತು. ಒಂದು ಕಾಲಕ್ಕೆ ತಾವು ಓಡಾಡಿದ ಆಸ್ಪತ್ರೆಯಲ್ಲೇ ಮಲಗಿದ್ದರು. ನಾನು ನೋಡಲು ಹೋದದ್ದು ಮಧ್ಯಾಹ್ನ. ಯಜಮಾನರು ಕಿಟಕಿಯ ಪಕ್ಕ ಕೂತು ಸೇಬು ಹೆಚ್ಚುತ್ತಿದ್ದರು, ತಿನ್ನುವವರು ಯಾರೂ ಇರಲಿಲ್ಲ. ಅಕ್ಕ ತೀರ ಸಣ್ಣಗಾಗಿದ್ದರು. ನನ್ನ ಮಗಳು ಕನ್ನಡ ಮಾತಾಡುತ್ತಾಳೇನು ಎಂದು ಕೇಳಿದರು. ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ ಎಂದೆ. ಕಾರು ಎಲ್ಲಿ ನಿಲ್ಲಿಸಿದ್ದೀ ಎಂದು ಕೇಳಿದರು. ಆ ಮಾತು ಎಲ್ಲಿಯದೆಂದು ನನಗೆ ಹೊಳೆಯಿತು. ಅವರಿಗೂ ಹೊಳೆಯಿತು ಎಂದು ಕಾಣುತ್ತದೆ, ಮುಖ ಆ ಕಡೆ ಮಾಡಿದರು.

ಆಮೇಲೆ ಹೇಳಿದರು. "ನೀ ಡಾಲಸ್‌ನಾಗ ಇದ್ದೀ. ಮುದುಕಿನ್ನ ಕೇಳ್ಕೊಂತ ಬಂದಿದ್ರಲ್ಲ, ಅವರ ಮನಿಗೆ ಒಮ್ಮೆ ಹೋಗಿ ಬಾ."

"ಏನು ಹೇಳ್ಲಿ ಅಕ್ಕ?"

"ಏನೂ ಹೇಳಬ್ಯಾಡ. ಆಡೋದು ಬಿಟ್ಟಾರೇನು, ಅಷ್ಟ ನೋಡಿ ಬಾ. ಬಿಟ್ಟಿದ್ರ ಛಲೋ."

ಹೋಗುತ್ತೇನೆ ಎಂದೆ. ಮುಂದಿನ ಭಾನುವಾರಕ್ಕೆ ಅವರಿಗೆ ಫೋನ್ ಮಾಡಿ ಹೇಳಿಯೂ ಇಟ್ಟೆ. ಆ ಭಾನುವಾರ ಬರುವ ಮೊದಲೇ ಅಕ್ಕ ಹೋದರು. ಭೇಟಿ ಮುಂದಕ್ಕೆ ಹೋಯಿತು. ಹದಿಮೂರನೆಯ ದಿನದ ಊಟ ಮುಗಿಸಿ ಡಾಲಸ್‌ಗೆ ತಿರುಗಿದ ಮೇಲಿನ ಭಾನುವಾರ ಹೋದೆ.

ಡಾಲಸ್‌ನ ಪಕ್ಕದ ಗಾರ್ಲೆಂಡ್‌ನಲ್ಲಿ ಅವರ ಮನೆ. ಒಬ್ಬರೇ ಇರುವ ಮನೆ, ಆದರೆ ಅಚ್ಚುಕಟ್ಟು. ಅಕ್ಕ ತೀರಿಕೊಂಡ ವಿಷಯ ಬಾಗಿಲಲ್ಲೇ ಹೇಳಿದೆ. ಅವರು ತಲೆ ತಗ್ಗಿಸಿ ನಿಂತರು. ಒಳಗೆ ಕರೆದು ಕಾಫಿ ಮಾಡಿ ಕೊಟ್ಟರು. ಟೀವಿ ಹಚ್ಚಿಯೇ ಇತ್ತು. ಪರದೆಯ ಮೇಲೆ ನಮ್ಮ ಬಸ್ಸು ನಿಂತಿತ್ತು.

ಆಕೆ ನನಗೆ ಸುಳ್ಳು ಹೇಳಲಿಲ್ಲ, ಅದು ನನಗೆ ಗೊತ್ತು ಎಂದರು ಅವರು. ಅವತ್ತು ಗೋಡೆಯ ಮೇಲೆ ಆ ಗೆರೆ ಇರಲಿಲ್ಲ. ಆದರೆ ಮೊದಲು ಹೋಗಬಹುದಿತ್ತು ಎನ್ನುವುದು ನನಗೆ ಆಟ ಹೇಳಿಕೊಟ್ಟದ್ದಲ್ಲ. ದೋಣಿಯಲ್ಲೇ ಗೊತ್ತಿತ್ತು. ನಿಮ್ಮ ಆಫೀಸಿಗೆ ಬಂದಾಗಲೂ ಗೊತ್ತಿತ್ತು. ಏನು ಹೇಳಬೇಕಿತ್ತು ಎಂದು ಕೇಳಿದೆ, ಯಾವಾಗ ಹೋಗಬೇಕಿತ್ತು ಎಂದು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ನಾನು ಏನಾದರೂ ಹೇಳಬೇಕೆಂದು, ಮೊದಲು ಹೋಗಿದ್ದರೆ ಆ ಮಕ್ಕಳು... ಎಂದೆ.

ಹೌದು ಎಂದರು. ಆ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಾರೆ. ಕ್ರಿಸ್‌ಮಸ್ ದಿನ ನನಗೆ ಫೋನ್ ಮಾಡುತ್ತಾರೆ, ನಾನು ಎತ್ತುವುದಿಲ್ಲ.

ಅವರು ಕಂಟ್ರೋಲರ್ ಕೈಗೆತ್ತಿಕೊಂಡು, ಬೇಸರವಿಲ್ಲದಿದ್ದರೆ ಕೂತಿರಿ ಎಂದರು. ಕೂತೆ. ಮುದುಕಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದಳು. ಹಿಂದೆ ಮಕ್ಕಳು, ಕೋಳಿ, ಊರಿನ ಎಲ್ಲರೂ. ಆಟದಲ್ಲಿ ದನಿಯನ್ನು ಪೂರ್ತಿ ಆರಿಸಿದ್ದರು. ಬಸ್ಸು ನೀರು ಸೀಳಿಕೊಂಡು ದಿನ್ನೆ ಹತ್ತಿತು. ಶಾಲೆ ಬಂತು, ಬಾಗಿಲಲ್ಲಿ ಜನ ಕಂಬಳಿ ಹಿಡಿದು ನಿಂತಿದ್ದರು. ಅಲ್ಲಿ ನಿಲ್ಲಿಸಿದರೆ ಎಲ್ಲರೂ ಇಳಿಯುತ್ತಾರೆ, ಆಟ ಮುಗಿಯುತ್ತದೆ. ಅವರು ನಿಲ್ಲಿಸಲಿಲ್ಲ. ಶಾಲೆಯನ್ನು ದಾಟಿ, ದಿನ್ನೆಯ ಆ ಕಡೆ ಇಳಿದು, ಖಾಲಿ ಊರನ್ನು ಸುತ್ತಿ ಮತ್ತೆ ಮೇಲೆ ಬಂದರು. ಮತ್ತೆ ದಾಟಿ ಹೋದರು. ನಾನು ಅವರ ಮುಖ ನೋಡಲಿಲ್ಲ. ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು, ಹೇಳದೆಯೇ ಎದ್ದು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದೆ.